ಜಿರಳೆ ಔಷಧಿ ಮತ್ತು ನನ್ನ ಸನ್ಮಾನದ ಶಾಲು

ಮೊದಲೇ ಹೇಳಿಬಿಡುತ್ತೇನೆ, ವೆಬ್‌ಸೈಟ್ ಮಾಡುವುದು ನನಗೆ ಎಡಗೈ ಕೆಲಸ. ಬಲಗೈಯಲ್ಲಿ ಚಹಾ ಇರುತ್ತದೆ.

ಇದನ್ನು ಜಂಬದಿಂದ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ಏಳನೇ ಕ್ಲಾಸಿನ ಪರೀಕ್ಷೆಗೆ ಒಂದು ವಾರ ಇರುವಾಗ ಕುಂದಾಪುರದಲ್ಲಿ ಮುಂಬಯಿ ಬಸ್ಸು ಹತ್ತಿದವನು ನಾನು. ಅಲ್ಲಿನ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ದೋಸೆ ಹೊಯ್ದೆ, ತಿಂಡಿ ಸಪ್ಲೈ ಮಾಡಿದೆ. ಮುಂದೊಂದು ದಿನ ಕೌಂಟರಿಗೆ ಬಿಲ್ ಮಾಡುವ ಕಂಪ್ಯೂಟರ್ ಬಂತು. ಎಲ್ಲರೂ ಅದನ್ನು ದೂರದಿಂದ ನೋಡಿದರು, ನಾನು ಹತ್ತಿರ ಹೋದೆ. ಅದು ಕೆಟ್ಟಾಗಲೆಲ್ಲ ಬಿಚ್ಚಿದೆ. ಬಿಚ್ಚಿದ್ದರಲ್ಲಿ ಹೆಚ್ಚಿನದನ್ನು ವಾಪಸು ಜೋಡಿಸಿಯೂ ಕೊಟ್ಟೆ! ಹಾಗೆ ಶುರುವಾದ ವಿದ್ಯೆ ಇಂದು ಅದೇ ಹೋಟೆಲಿನ ಎದುರಿನ ಕಟ್ಟಡದ ಮೂರನೇ ಮಹಡಿಗೆ ನನ್ನನ್ನು ತಂದು ಕೂರಿಸಿದೆ. ಬಾಗಿಲಿಗೆ ಬೋರ್ಡಿದೆ: ‘ಸದಾನಂದ, ವೆಬ್ ಡೆವಲಪರ್.’ ಅದರ ಸ್ಕ್ರೂ ಕೂಡ ನಾನೇ ತಿರುಗಿಸಿದ್ದು.

ಹೋಟೆಲು ಬಿಟ್ಟೆ. ಆದರೆ ಅಲ್ಲಿ ಕಲಿತ ಎರಡು ವಿದ್ಯೆಗಳು ನನ್ನನ್ನು ಬಿಡಲಿಲ್ಲ. ಒಂದು, ಗಿರಾಕಿಗೆ ‘ಇಲ್ಲ’ ಎನ್ನಬಾರದು. ಅವರು ಮಸಾಲೆ ದೋಸೆ ಎಲ್ಲಿ ಎಂದು ಕೂಗಿದರೆ, ಆರ್ಡರ್ ಇನ್ನೂ ಅಡುಗೆಮನೆಗೆ ಮುಟ್ಟಿರದಿದ್ದರೂ, ‘ಬಂತು, ಬಂತು!’ ಎನ್ನಬೇಕು. ಎರಡು, ಒಂದೇ ಹಿಟ್ಟು. ಬೆಳಗ್ಗೆ ರುಬ್ಬಿದ ಒಂದು ಹಂಡೆ ಹಿಟ್ಟಿನಲ್ಲಿ ದೋಸೆಯಾಗಬೇಕು, ಉತ್ತಪ್ಪವಾಗಬೇಕು, ಸಂಜೆ ಉಳಿದರೆ ಅದಕ್ಕೆ ಈರುಳ್ಳಿ ಬಿದ್ದು ಪಡ್ಡು ಆಗಬೇಕು. ಪ್ರತಿ ತಿಂಡಿಗೂ ಬೇರೆ ಹಿಟ್ಟು ರುಬ್ಬುವವನು ಬುದ್ಧಿವಂತನಲ್ಲ ಎಂಬುದು ನಮ್ಮ ಅಡುಗೆ ಭಟ್ಟರ ಸಿದ್ಧಾಂತವಾಗಿತ್ತು. ನಾನು ಅದನ್ನೇ ವೆಬ್‌ಸೈಟಿಗೆ ತಂದೆ. ಒಬ್ಬರಿಗೆ ಮಾಡಿದ್ದನ್ನು ನಕಲು ಮಾಡಿ, ಬಣ್ಣ ಬದಲಿಸಿ, ಹೆಸರು ಬದಲಿಸಿ ಇನ್ನೊಬ್ಬರಿಗೆ ಬಡಿಸುವುದು. ಈ ಎರಡು ವಿದ್ಯೆಗಳು ಕೂಡಿ ನನ್ನನ್ನು ಹೇಗೆ ಹುರಿದು ತೆಗೆದವು ಎಂಬುದೇ ಈಗ ಹೇಳಹೊರಟಿರುವ ಕಥೆ.

ನಾವಿರುವ ವಿಲೆ ಪಾರ್ಲೆಯಲ್ಲಿ ನಮ್ಮದೊಂದು ಕನ್ನಡ ಸಂಘವಿದೆ. ತೊಂಬತ್ತೆರಡು ಮನೆಗಳು ಅದರ ಸದಸ್ಯರು. ಕಾರ್ಯದರ್ಶಿ ವಾಸು ರಾಯರು, ಬ್ಯಾಂಕಿನಿಂದ ನಿವೃತ್ತರಾದವರು. ಅಷ್ಟೂ ಮನೆಗಳ ಹೆಸರು, ವಿಳಾಸ, ಫೋನ್ ನಂಬರು, ವೃತ್ತಿ ಎಲ್ಲವನ್ನೂ ಒಂದು ದಪ್ಪ ರಿಜಿಸ್ಟರಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ವಾರ್ಷಿಕೋತ್ಸವಕ್ಕೆ ಮುಂಚೆ ಪ್ರತಿ ಮನೆಗೂ ಮೂರು ಸಲ ಫೋನು ಮಾಡುತ್ತಾರೆ, ತಮ್ಮ ಬಟನ್ ಫೋನಿನಿಂದ! ಇಷ್ಟು ಮಾಡಿದರೂ ಬರುವವರು ಅರವತ್ತು ಮಂದಿ. ಅದೂ ಊಟದ ಹೊತ್ತಿಗೆ.

ಈ ವರ್ಷ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು, “ಸಂಘಕ್ಕೂ ಒಂದು ವೆಬ್‌ಸೈಟ್ ಬೇಕಿತ್ತು” ಎಂದರು. ಅವರು ವಾಕ್ಯ ಮುಗಿಸುವ ಮೊದಲೇ ನನ್ನ ಬಾಯಿಂದ ಹೊರಟಿತು.

“ಬಂತು, ಬಂತು!”

“ಹಾಗಾದ್ರೆ ವಾರ್ಷಿಕೋತ್ಸವದಲ್ಲೇ ಉದ್ಘಾಟನೆ ಇಡುವ. ಸದಾನಂದನಿಗೆ ಒಂದು ಶಾಲು ಹೊದಿಸಿ ಸನ್ಮಾನವೂ ಆಗ್ಲಿ” ಎಂದರು ಅಧ್ಯಕ್ಷರು.

ಶಾಲು! ನಾನು ಹೊರಗೆ ನಕ್ಕು, “ಅದೆಲ್ಲ ಎಂತಕ್ಕೆ ಮಾರಾಯ್ರೆ” ಎಂದೆ. ಒಳಗೆ ಅದರ ಬಣ್ಣವನ್ನೂ ನಿರ್ಧರಿಸಿಯಾಗಿತ್ತು.

ಆ ಶಾಲಿಗೆ ನಾನೇಕೆ ಅಷ್ಟು ಹಂಬಲಿಸಿದೆ ಎಂದು ಹೇಳಬೇಕು. ನಮ್ಮ ಮಗಳು ದೀಕ್ಷಾ ಕಾಲೇಜಿಗೆ ಸೇರುವಾಗ ಒಂದು ಫಾರ್ಮ್ ತುಂಬಿಸುತ್ತ ಕೇಳಿದ್ದಳು: “ಪಪ್ಪಾ, ತಂದೆಯ ಎಜುಕೇಶನ್ ಅಂತ ಇದೆ. ಕ್ಯಾ ಲಿಖೂಂ?” ನಾನು ಹತ್ತು ಕಂಪನಿಗಳ ವೆಬ್‌ಸೈಟ್ ಕಟ್ಟಿದವನು, ಅವಳಿಗೆ ‘ಬಂತು, ಬಂತು, ಆಮೇಲೆ ಹೇಳ್ತೇನೆ’ ಎಂದು ಬಚ್ಚಲಿಗೆ ಹೋದೆ. ಹೊರಗೆ ಬಂದಾಗ ಅವಳು ಆ ಜಾಗವನ್ನು ಖಾಲಿ ಬಿಟ್ಟು ಫಾರ್ಮನ್ನು ಮಡಚಿಟ್ಟಿದ್ದಳು. ಅವಳು ಮತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಖಾಲಿ ಜಾಗ ಎರಡು ವರ್ಷದಿಂದ ನನ್ನ ಎದೆಯಲ್ಲಿ ಹಾಗೇ ಇತ್ತು. ಅದನ್ನು ಒಂದು ಶಾಲಿನಿಂದ ಮುಚ್ಚಬಹುದು ಎಂದು ನನ್ನ ಲೆಕ್ಕ. ಸಂಘದ ಕಡೆ ತಲೆಹಾಕದಿದ್ದ ಅವಳನ್ನು, “ಈ ಸಲ ಸ್ಟೇಜಿನ ಮೇಲೆ ನಾನು” ಎಂದು ಹೇಳಿ ಬರಲು ಒಪ್ಪಿಸಿದೆ.

ಅದೇ ಹೊತ್ತಿಗೆ ನನ್ನ ಕೈಯಲ್ಲಿ ಇನ್ನೆರಡು ಕೆಲಸಗಳಿದ್ದವು. ಕುರ್ಲಾದ ಸಾವಂತ್ ಎಂಬವರ ಜಿರಳೆ ಔಷಧಿ ಹೊಡೆಯುವ ಕಂಪನಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅದರ ರಿಪೇರಿ ನಡೆದಿತ್ತು. ಜೊತೆಗೆ, ಕಾಲಕ್ಕೆ ತಕ್ಕಂತೆ ನಡೆಯಬೇಕಲ್ಲ ಎಂದು, ಒಮ್ಮೆ ಬಟನ್ ಒತ್ತಿದರೆ ಸಾವಿರ ಜನರಿಗೆ ತಾನಾಗಿ ಸಂದೇಶ ಹೋಗುವಂತೆ ಮಾಡುವ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಪಾಠಗಳು ಒಂಬತ್ತು. ಬೆಳಗಿನ ಲೋಕಲ್‌ನಲ್ಲಿ, ಒಂದು ಕೈ ಹಿಡಿಕೆಗೆ, ಒಂದು ಕೈ ಮೊಬೈಲಿಗೆ, ಮುಖ ಪರರ ಕಂಕುಳಿಗೆ ಕೊಟ್ಟು ಎಂಟು ಪಾಠ ಮುಗಿಸಿದೆ. ಒಂಬತ್ತನೆಯದರ ಹೆಸರು ‘ಕಳಿಸುವ ಮೊದಲು’ ಎಂದಿತ್ತು. ಕಳಿಸುವುದನ್ನೇ ಎಂಟನೇ ಪಾಠದಲ್ಲಿ ಕಲಿಸಿದ ಮೇಲೆ ಇನ್ನೆಂಥ ಮೊದಲು? ಬಿಟ್ಟೆ. ಕೊನೆಯ ಪಾಠ ಬಿಡುವುದು ನನಗೆ ಹೊಸದೇನಲ್ಲ.

ಸಂಘದ ವೆಬ್‌ಸೈಟಿಗೆ ಬೇರೆ ಹಿಟ್ಟು ರುಬ್ಬಲಿಲ್ಲ. ಸಾವಂತರದನ್ನೇ ನಕಲು ಮಾಡಿದೆ. ಜಿರಳೆಯ ಚಿತ್ರ ತೆಗೆದು ದೀಪದ ಚಿತ್ರ ಇಟ್ಟೆ. ಮೇಲೆ ಸಂಘದ ಹೆಸರು ಕನ್ನಡದಲ್ಲಿ ಹಾಕಿದೆ. ‘ಬುಕಿಂಗ್ ದಿನಾಂಕ’ ಇದ್ದಲ್ಲಿ ವಾರ್ಷಿಕೋತ್ಸವದ ಭಾನುವಾರ, ಬೆಳಗ್ಗೆ ಹತ್ತು ಗಂಟೆ. ರಾಯರ ರಿಜಿಸ್ಟರಿನ ತೊಂಬತ್ತೆರಡು ಮನೆಗಳನ್ನೂ ಕೂತು ಟೈಪ್ ಮಾಡಿದೆ. ಶುಕ್ರವಾರ ಮಧ್ಯಾಹ್ನ ಫೋರ್ಟಿನ ನನ್ನ ಮೇಜಿನ ಮುಂದೆ, ದೇವರನ್ನು ನೆನೆದು, ಎಲ್ಲರಿಗೂ ಆಮಂತ್ರಣ ಹೋಗುವ ಬಟನ್ ಒತ್ತಿದೆ. ರಾಯರು ಮೂರು ವಾರ ಮಾಡುವ ಕೆಲಸ ಮೂರು ಸೆಕೆಂಡಿನಲ್ಲಿ ಮುಗಿಯಿತು!

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಕುಕ್ಕರು ಎದುರಾಯಿತು. ಅದರ ಹಿಂದೆ ಡಬ್ಬಗಳು, ಡಬ್ಬಗಳ ಹಿಂದೆ ನನ್ನ ಹೆಂಡತಿ ಸುಜಾತ, ತಲೆಗೆ ಟವೆಲು ಕಟ್ಟಿಕೊಂಡು, ಮುಖದಲ್ಲಿ ನಾನು ಮದುವೆಯಂದು ಮಾತ್ರ ಕಂಡಿದ್ದ ಒಂದು ಪ್ರೀತಿಯೊಡನೆ ನಿಂತಿದ್ದಳು.

“ಅಂತೂ ನನ್ನ ಮಾತು ಕೇಳಿದ್ರಲ್ಲ ಮಾರಾಯ್ರೆ! ಎರಡು ವರ್ಷದಿಂದ ಹೇಳ್ತಾ ಇದ್ದೆ, ಜಿರಳೆಗೆ ಎಂತಾದ್ರೂ ಮಾಡಿ ಅಂತ.”

“ನಾನು ಎಂತ ಮಾಡಿದೆ?”

ಅವಳು ಮೊಬೈಲ್ ತೋರಿಸಿದಳು. ಮೇಲೆ ಅಚ್ಚಗನ್ನಡದಲ್ಲಿ ನಮ್ಮ ಸಂಘದ ಹೆಸರು, ದೀಪದ ಚಿತ್ರ. ಕೆಳಗೆ ಹಿಂದಿಯಲ್ಲಿ ಸಾವಂತರ ಸಂದೇಶ, ಒಂದಕ್ಷರ ಬದಲಾಗದೆ: ನಿಮ್ಮ ಬುಕಿಂಗ್ ಖಚಿತವಾಗಿದೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ತಂಡ ಮನೆಗೆ ಬರುತ್ತದೆ. ಅಡುಗೆಮನೆ ಖಾಲಿ ಮಾಡಿಡಿ. ಆಹಾರ ಪದಾರ್ಥ ಯಾವುದನ್ನೂ ಮನೆಯಲ್ಲಿ ಬಿಡಬೇಡಿ. ಮಕ್ಕಳು, ವೃದ್ಧರು, ಸಾಕುಪ್ರಾಣಿಗಳ ಸಮೇತ ಆರು ಗಂಟೆಗಳ ಕಾಲ ಹೊರಗಿರಿ.

ಹೊರಗಿನ ಬಣ್ಣವನ್ನೆಲ್ಲ ಬದಲಿಸಿದ್ದೆ. ಒಳಗಿನ ಸಂದೇಶ ಬದಲಿಸಲು ಮರೆತಿದ್ದೆ!

ಒಳಗಿನಿಂದ ದೀಕ್ಷಾ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದಳು. “ಪಪ್ಪಾ, ಸೀರಿಯಸ್ಲಿ? ಎಲ್ಲರಿಗೂ ಇದೇ ಹೋಗಿದೆಯಾ? ನೀನು ಮೊದಲು ಚೆಕ್ ಮಾಡಿಲ್ಲ?”

“ನನಗೆ ಪಾಠ ಹೇಳ್ಬೇಡ. ಐದು ನಿಮಿಷದ ಕೆಲಸ.”

“ವಾಸು ಅಂಕಲ್‌ಗೆ ಒಂದು ಫೋನ್ ಮಾಡು ನಾ. ಬೋಲ್ ದೇ, ಮಿಸ್ಟೇಕ್ ಆಯ್ತು ಅಂತ.”

ಅದು ಸರಿಯಾದ ಸಲಹೆ. ಆದರೆ ಭಾನುವಾರ ಶಾಲು ಹೊದೆಯುವವನು ಶುಕ್ರವಾರ ಫೋನು ಮಾಡಿ ‘ತಪ್ಪಾಯಿತು’ ಎನ್ನುವುದು ಹೇಗೆ? ಕೂತೆ. ‘ಹಿಂದಿನ ಸಂದೇಶವನ್ನು ಕಡೆಗಣಿಸಿ. ವಾರ್ಷಿಕೋತ್ಸವಕ್ಕೆ ಕುಟುಂಬ ಸಮೇತ ಆಗಮಿಸಿ. ಊಟದ ವ್ಯವಸ್ಥೆ ಇದೆ. ನಿಮ್ಮ ಆಗಮನವೇ ನಮ್ಮ ಸೌಭಾಗ್ಯ’ ಎಂದು ಒಳ್ಳೆಯ ಕನ್ನಡದಲ್ಲಿ ಬರೆದು, ಸಭಾಂಗಣದ ವಿಳಾಸ, ದಿನ, ಸಮಯ ಕೊಟ್ಟು, ಬಟನ್ ಒತ್ತಿದೆ.

ಐದು ನಿಮಿಷ ಕಳೆಯಿತು. ಸುಜಾತ ಮೊಬೈಲ್ ನೋಡುತ್ತ, “ನನಗೆ ಬರ್ಲೇ ಇಲ್ಲ” ಎಂದಳು.

“ನೆಟ್‌ವರ್ಕ್. ಬಂತು, ಬಂತು!”

ಬರಲಿಲ್ಲ. ಯಾಕೆಂದರೆ ಅಸಲು, ನಕಲು ಎರಡೂ ವೆಬ್‌ಸೈಟುಗಳೂ ನನ್ನ ಲ್ಯಾಪ್‌ಟಾಪಿನಲ್ಲಿ ಅವಳಿ ಮಕ್ಕಳಂತೆ ಅಕ್ಕಪಕ್ಕ ಇದ್ದವು. ಅವಸರದಲ್ಲಿ ನಾನು ತೆರೆದದ್ದು ಸಾವಂತರದನ್ನು. ನನ್ನ ಸೌಭಾಗ್ಯದ ಸಂದೇಶ ಹೋದದ್ದು ಕುರ್ಲಾದ ಜಿರಳೆ ಗಿರಾಕಿಗಳಿಗೆ!

ಇದು ನನಗೆ ಗೊತ್ತಾದದ್ದು ಆಮೇಲೆ. ಶನಿವಾರ ಸಾವಂತ್ ಫೋನು ಮಾಡಿದರು. ಖುಷಿಯಲ್ಲಿ ಅವರ ಧ್ವನಿ ಕೀರಲಾಗಿತ್ತು. “ಸದಾನಂದ್ ಭಾಯ್, ಕ್ಯಾ ವೆಬ್‌ಸೈಟ್ ಬನಾಯಾ! ಸಂಡೇ ಕೋ ತೊಂಬತ್ತೆರಡು ಘರ್ ಬುಕ್! ಸಬ್ ಪಾರ್ಲಾ ಸೈಡ್. ಗಾವ್ ಗಯೇ ಹುಯೇ ಆದ್ಮಿ ಭೀ ವಾಪಸ್ ಬುಲಾಯಾ!” ಊರಿಗೆ ಹೋಗಿದ್ದ ಆಳುಗಳನ್ನೂ ವಾಪಸು ಕರೆಸಿದ್ದರಂತೆ.

ನಿಜವಾಗಿ ಅವರು ಸಂಖ್ಯೆಯನ್ನು ಮರಾಠಿಯಲ್ಲೇ ಹೇಳಿದ್ದರು. ಯಾವ ಭಾಷೆಯಲ್ಲಾದರೂ ನನ್ನ ತಲೆಗೆ ಹೋಗಬೇಕಿತ್ತು. ತೊಂಬತ್ತೆರಡು ಎಂಬುದನ್ನು ಎಲ್ಲೋ ಕೇಳಿದ ಹಾಗಿದೆ ಎನ್ನಿಸಿತು. ಎಲ್ಲಿ ಎಂದು ನೆನಪಾಗಲಿಲ್ಲ! “ಎಲ್ಲ ನಿಮ್ಮ ಆಶೀರ್ವಾದ” ಎಂದು ಹಿಂದಿಯಲ್ಲಿ ಹೇಳಿ, ಇಸ್ತ್ರಿಗೆ ಕೊಟ್ಟ ಅಂಗಿ ತರಲು ಹೋದೆ.

ಭಾನುವಾರ ಒಂಬತ್ತೂವರೆಗೆ ಸಭಾಂಗಣಕ್ಕೆ ಕಾಲಿಟ್ಟವನು ಅಲ್ಲೇ ನಿಂತೆ. ಹಾಲ್ ತುಂಬಿತ್ತು! ಪ್ರತಿ ವರ್ಷ ಈ ಹೊತ್ತಿಗೆ ಅಲ್ಲಿ ರಾಯರು, ಮೈಕಿನವನು ಮತ್ತು ಒಂದು ಬೆಕ್ಕು ಇರುವುದು ವಾಡಿಕೆ. ಇಂದು ಅಜ್ಜ ಅಜ್ಜಿಯರು, ಕೈಗೂಸುಗಳು, ಪಂಜರದಲ್ಲಿ ಎರಡು ಗಿಳಿ. ಎಲ್ಲರ ಕಾಲ ಬಳಿ ಚೀಲ, ಪಾತ್ರೆ, ಉಪ್ಪಿನಕಾಯಿ ಭರಣಿ, ದೋಸೆ ಹಿಟ್ಟಿನ ಡಬ್ಬ.

ರಾಯರು ಓಡಿಬಂದು ನನ್ನ ಎರಡೂ ಕೈ ಹಿಡಿದರು. ಕಣ್ಣಲ್ಲಿ ನೀರು. “ಸದಾ, ಮೂವತ್ತು ವರ್ಷದಲ್ಲಿ ನಾನು ಹೀಗೆ ನೋಡಿಲ್ಲ ಮಾರಾಯ! ನಿನ್ನೆಯಿಂದ ಎಲ್ಲರೂ ಫೋನ್ ಮಾಡಿ, ‘ರಾಯರೇ, ಒಳ್ಳೆ ವ್ಯವಸ್ಥೆ ಮಾಡಿದ್ರಿ’ ಅಂತಿದ್ರು. ನಾನೂ ‘ಬನ್ನಿ, ಎಲ್ಲರೂ ಹಾಲ್‌ಗೆ ಬನ್ನಿ’ ಅಂದೆ. ಎಂತ ಮಂತ್ರ ಹಾಕಿದೆ ನೀನು?”

ಬಟನ್ ಫೋನಿನ ಆ ಪುಣ್ಯಾತ್ಮರಿಗೆ ಸಂದೇಶವೇ ಹೋಗಿರಲಿಲ್ಲ. ನನಗೆ ಮಾತ್ರ ಈಗ ಎಲ್ಲವೂ ಒಂದೊಂದಾಗಿ ಹೊಳೆಯಿತು. ಜನ ಬಂದದ್ದು ಸಂಘದ ಮೇಲಿನ ಪ್ರೀತಿಯಿಂದಲ್ಲ. ಆರು ಗಂಟೆ ಮನೆಯೊಳಗೆ ಹೋಗುವ ಹಾಗಿಲ್ಲವಲ್ಲ, ಬೇರೆಲ್ಲಿ ಹೋಗುವುದು? ಮತ್ತೆ ತೊಂಬತ್ತೆರಡು! ನಕಲು ಮಾಡಿದ ವೆಬ್‌ಸೈಟಿನ ಬುಕಿಂಗುಗಳೆಲ್ಲ ಇನ್ನೂ ಸಾವಂತರ ಲೆಕ್ಕಕ್ಕೇ ಹೋಗುತ್ತಿದ್ದವು. ನನ್ನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಮುಂದಿನ ಸಾಲಿನಲ್ಲಿ ಅಪರಿಚಿತರೊಬ್ಬರು ಹೆಂಡತಿ, ಅತ್ತೆಯ ಸಮೇತ ಕೂತಿದ್ದರು. ಕುರ್ಲಾದಿಂದ ಬಂದವರಂತೆ. ಓದಲು ಬಾರದ ಲಿಪಿಯಲ್ಲಿ ಸಂದೇಶ ಬಂದಾಗ ತಮ್ಮ ಓಣಿಯ ಉಡುಪಿ ಹೋಟೆಲಿನ ಕ್ಯಾಶಿಯರ್‌ಗೆ ತೋರಿಸಿದರಂತೆ. ಅವರು ಓದಿ, “ನಿಮ್ಮನ್ನು ಬಹಳ ಮರ್ಯಾದೆಯಿಂದ ಊಟಕ್ಕೆ ಕರೆದಿದ್ದಾರೆ, ಹೋಗದಿದ್ದರೆ ಚೆನ್ನಾಗಿರುವುದಿಲ್ಲ” ಎಂದರಂತೆ. “ಆಪ್ ಲೋಗ್ ಬಹುತ್ ಅಚ್ಛೇ ಹೈ” ಎಂದು ಅತ್ತೆಯವರು ನನಗೆ ಕೈಮುಗಿದರು. ನಾನೂ ಮುಗಿದೆ. ಬೇರೇನು ಮಾಡಲಿ?

ಹನ್ನೊಂದು ಗಂಟೆಗೆ ನನ್ನನ್ನು ವೇದಿಕೆಗೆ ಕರೆದರು. ಅಧ್ಯಕ್ಷರು ಮೈಕ್ ಹಿಡಿದರು. “ಒಂದು ವೆಬ್‌ಸೈಟಿನ ಶಕ್ತಿ ಏನು ಅಂತ ಇವತ್ತು ನಮ್ಮ ಸದಾನಂದ ತೋರಿಸಿಕೊಟ್ಟಿದ್ದಾರೆ. ಇಷ್ಟು ಜನರನ್ನು ಮನೆಯಿಂದ ಹೊರಗೆ ತಂದವರು ಅವರು!”

ಇಷ್ಟು ನಿಜವಾದ ಮಾತನ್ನು ಅವರು ಈ ಹಿಂದೆ ಆಡಿರಲಿಲ್ಲ.

ಶಾಲು ಹೆಗಲ ಮೇಲೆ ಬಿತ್ತು. ಮೆರೂನ್, ಜರಿ ಅಂಚು. ನಾನು ಬಯಸಿದ ಬಣ್ಣವೇ. ಚಪ್ಪಾಳೆಯೋ ಚಪ್ಪಾಳೆ. ಆಗಲೇ ಹಿಂದಿನ ಬಾಗಿಲು ತೆರೆಯಿತು. ಸಾವಂತ್ ನಿಂತಿದ್ದರು. ಅವರ ಹಿಂದೆ ಬೆನ್ನಿಗೆ ಔಷಧಿ ಟ್ಯಾಂಕು ಕಟ್ಟಿಕೊಂಡ ಎಂಟು ಮಂದಿ, ಗಡಿಯಿಂದ ಬಂದ ಸೈನಿಕರ ಹಾಗೆ.

“ಸದಾನಂದ್ ಭಾಯ್!” ಎಂದು ಅಲ್ಲಿಂದಲೇ ಕೂಗಿದರು. “ಸಬ್ ಘರ್ ಕೋ ತಾಲಾ! ಏಕ್ ವಾಚ್‌ಮನ್ ಬೋಲಾ, ಸಬ್ ಲೋಗ್ ಇಧರ್ ಹೈ. ಯೇ ಕ್ಯಾ ಮಜಾಕ್ ಹೈ?” ಬೀಗ ಹಾಕಿದ ಮನೆಗಳನ್ನೆಲ್ಲ ಸುತ್ತಿ ಬಂದವರು, ಇದೆಂಥ ತಮಾಷೆ ಎಂದು ಕೇಳುತ್ತಿದ್ದರು.

ಹಾಲ್‌ನಲ್ಲಿ ಪಿಸುಮಾತು ಎದ್ದಿತು. ಅಧ್ಯಕ್ಷರು ನನ್ನ ಕಿವಿಯಲ್ಲಿ, “ಯಾರದು?” ಎಂದರು. ರಾಯರು ನಗುತ್ತಲೇ ನನ್ನ ಮುಖ ನೋಡುತ್ತಿದ್ದರು. ನನ್ನ ಬಾಯಲ್ಲಿ ಒಂದು ಒಳ್ಳೆಯ ಸುಳ್ಳು ತಯಾರಿತ್ತು: ಆರೋಗ್ಯ ಸಪ್ತಾಹ, ಸಂಘದ ವತಿಯಿಂದ ಉಚಿತ ಸೇವೆ. ಹೇಳಿಬಿಟ್ಟಿದ್ದರೆ ನಡೆದುಬಿಡುತ್ತಿತ್ತು ಕೂಡ. ‘ಬಂತು, ಬಂತು’ ಎಂದು ಜೀವನ ನಡೆಸಿದವನಿಗೆ ಇದು ಯಾವ ದೊಡ್ಡದು?

ಆದರೆ ಮೂರನೇ ಸಾಲಿನಲ್ಲಿ ದೀಕ್ಷಾ ಕೂತಿದ್ದಳು. ನನ್ನ ತಪ್ಪು ಗೊತ್ತಿದ್ದವರು ಅವಳು ಮತ್ತು ಅವಳ ಅಮ್ಮ ಮಾತ್ರ. ಸುಜಾತ ಔಷಧಿಯ ಆಸೆ ಬಿಡದೆ ಕುಕ್ಕರ್ ಅಪ್ಪಿಕೊಂಡಿದ್ದಳು, ಮಗಳು ಮೊಬೈಲ್ ಎತ್ತಿ ನನ್ನ ಫೋಟೋ ತೆಗೆಯಲು ಹೊರಟು ಕೈ ಹಾಗೇ ನಿಲ್ಲಿಸಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಅಂದು ಫಾರ್ಮ್ ಮುಂದಿಟ್ಟುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದ ಮುಖವೇ ಅದು. ಈ ಸಲ ಎದ್ದು ಹೋಗಲು ಹತ್ತಿರದಲ್ಲಿ ಬಚ್ಚಲೂ ಇರಲಿಲ್ಲ.

ಮೈಕ್ ತೆಗೆದುಕೊಂಡೆ.

“ನಿಮ್ಮೆಲ್ಲರ ಹತ್ರ ಒಂದು ಮಾತು ಹೇಳ್ಬೇಕು. ನಿಮ್ಮನ್ನು ಇಲ್ಲಿಗೆ ತಂದದ್ದು ನನ್ನ ವೆಬ್‌ಸೈಟ್ ಅಲ್ಲ, ನನ್ನ ತಪ್ಪು. ಜಿರಳೆ ಔಷಧಿಯವರಿಗೆ ಮಾಡಿದ ಹಿಟ್ಟಿನಲ್ಲೇ ನಿಮಗೂ ದೋಸೆ ಹೊಯ್ದೆ. ಒಳಗೆ ಎಂತ ಉಂಟು ಅಂತ ನೋಡ್ಲಿಲ್ಲ. ಸಂಘ ನಿಮ್ಮ ಮನೆಗೆ ಯಾವ ಔಷಧಿಯನ್ನೂ ಹೇಳಿಲ್ಲ. ಇವರು ಸಾವಂತ್, ಇವರದ್ದೂ ತಪ್ಪಿಲ್ಲ. ನಾನು ಏಳನೇ ಕ್ಲಾಸಿನ ಪರೀಕ್ಷೆ ಬರೀದೆ ಓಡಿ ಬಂದವ. ಕೆಲಸ ನನಗೆ ಬರ್ತದೆ. ಆದ್ರೆ ಕೊನೇ ಪಾಠ ಓದುವ ಅಭ್ಯಾಸ ಇಲ್ಲ. ಈ ಶಾಲು ವಾಪಸ್ ತಗೊಳ್ಳಿ.”



ಮೊದಲು ಮಾತಾಡಿದವರು ಹಿಂದಿನ ಸಾಲಿನ ಒಬ್ಬ ಅಜ್ಜಿ. “ಹಾಗಾದ್ರೆ ನಮ್ಮ ಮನೆ ಜಿರಳೆ ಹಾಗೇ ಉಂಟಾ?”

ಹಾಲ್ ಬಿದ್ದುಬಿದ್ದು ನಕ್ಕಿತು. ಅಜ್ಜಿ ನಗಲಿಲ್ಲ. ಅವರಿಗೆ ಬೇಕಿದ್ದದ್ದು ಉತ್ತರ. ಸಾವಂತರಿಗೆ ಪಕ್ಕದವರು ಮರಾಠಿಯಲ್ಲಿ ಎಲ್ಲವನ್ನೂ ವಿವರಿಸಿದರು. ಆ ಮನುಷ್ಯ ಒಂದು ನಿಮಿಷ ನನ್ನನ್ನು ಕೊಲ್ಲುವ ಹಾಗೆ ನೋಡಿದರು. ಆಮೇಲೆ ಹಾಲನ್ನು ನೋಡಿದರು. ತೊಂಬತ್ತೆರಡು ಮನೆಗಳ ಯಜಮಾನಿಯರು, ಒಂದೇ ಕಡೆ, ಎಲ್ಲರ ಅಡುಗೆಮನೆಯೂ ಖಾಲಿ! ಅವರ ಕಣ್ಣು ಹೊಳೆಯಿತು. ಜೇಬಿನಿಂದ ಒಂದು ಪುಸ್ತಕ ತೆಗೆದು ಅಜ್ಜಿಯ ಪಕ್ಕ ಕುರ್ಚಿ ಎಳೆದರು. “ಬೋಲಾ ಆಜಿ, ಪತ್ತಾ ಸಾಂಗಾ” ಎಂದು ವಿಳಾಸ ಕೇಳಿದರು. ಅರ್ಧ ಗಂಟೆಯಲ್ಲಿ, ನನ್ನ ವೆಬ್‌ಸೈಟಿನ ಸಹಾಯವಿಲ್ಲದೆ, ಒಂದು ಪೆನ್ನಿನಿಂದ, ಮುಂದಿನ ತಿಂಗಳವರೆಗೆ ಅವರ ಬುಕಿಂಗ್ ತುಂಬಿತು.

ಇನ್ನೊಂದು ಸಮಸ್ಯೆ ಉಳಿದಿತ್ತು. ಊಟ ಹೇಳಿದ್ದು ನೂರು ಮಂದಿಗೆ. ಕೂತವರು ಮುನ್ನೂರರ ಮೇಲೆ, ಟ್ಯಾಂಕಿನ ಎಂಟು ಮಂದಿ ಬೇರೆ. ಅಡುಗೆಯವರು ಕೈಚೆಲ್ಲಿದರು. ರಾಯರು ತಲೆಮೇಲೆ ಕೈಯಿಟ್ಟು ಕೂತರು. ಆಗ ನನ್ನ ಕಣ್ಣು ಕುರ್ಚಿಗಳ ಕೆಳಗಿನ ಡಬ್ಬಗಳ ಮೇಲೆ ಬಿತ್ತು. ಭಾನುವಾರ ಬೆಳಗಿನ ಹಿಟ್ಟು! ಪ್ರತಿ ಮನೆಯದ್ದೂ!

“ಸುಜಾತ, ದೊಡ್ಡ ಹಂಡೆ ಕೇಳು!” ಎಂದೆ.

ತೊಂಬತ್ತೆರಡು ಮನೆಗಳ ಹಿಟ್ಟು ಒಂದೇ ಹಂಡೆಗೆ ಬಿತ್ತು. ಹುಳಿಯಾದದ್ದು, ಆಗದ್ದು, ಮೆಂತ್ಯ ಹೆಚ್ಚಾದದ್ದು, ಎಲ್ಲ ಸೇರಿ ಒಂದಾಯಿತು. ಈ ಸಲ ಮಾತ್ರ ಮೊದಲು ಒಂದು ದೋಸೆ ಹೊಯ್ದು ನಾನೇ ತಿಂದು ನೋಡಿದೆ. ಉಪ್ಪು ಕಮ್ಮಿ ಇತ್ತು. ಹಾಕಿದೆ. ಶಾಲು ವಾಪಸು ತೆಗೆದುಕೊಳ್ಳಲು ಯಾರೂ ಬಾರದ್ದರಿಂದ ಅದನ್ನು ಸೊಂಟಕ್ಕೆ ಬಿಗಿದು ಕಾವಲಿಯ ಮುಂದೆ ನಿಂತೆ. ಮೂರು ಗಂಟೆಯ ಕಾಲ ಎಡಗೈ ಬಲಗೈ ಎರಡೂ ಬಿಡುವಿಲ್ಲದೆ ಓಡಿದವು. ಒಂದು ದೋಸೆಯೂ ಹರಿಯಲಿಲ್ಲ. ಒಂದು ತಟ್ಟೆಯೂ ತಪ್ಪಾದ ವಿಳಾಸಕ್ಕೆ ಹೋಗಲಿಲ್ಲ. ಆ ದಿನ ನನ್ನ ಕೈಯಿಂದ ದೋಷವಿಲ್ಲದೆ ಹೊರಟ ಕೆಲಸ ಅದೊಂದೇ. ಅದು ನಾನು ಹದಿಮೂರರಲ್ಲಿ ಕಲಿತದ್ದು. ಮೊದಲಿಂದ ಕೊನೆಯವರೆಗೆ ಕಲಿತದ್ದೂ ಅದೊಂದೇ ಇರಬೇಕು.

ದೀಕ್ಷಾ ತಟ್ಟೆ ಹಿಡಿದು ಸಾಲಿನಲ್ಲಿ ಬಂದಳು. “ಪಪ್ಪಾ, ಕಾಲೇಜಿನ ಫಾರ್ಮ್ ಈ ವರ್ಷ ಮತ್ತೆ ತುಂಬಿಸ್ಬೇಕು. ಅಲ್ಲಿ ಸೆವೆಂತ್ ಅಂತ ಬರೀಲಾ?”

“ಆರನೇದು ಬರಿ. ಏಳನೇದು ಪಾಸಾಗ್ಲಿಲ್ಲ” ಎಂದೆ.

“ಓಕೆ” ಎಂದಳು. ಅಷ್ಟೇ! ಎರಡು ವರ್ಷ ನಾನು ಹೊತ್ತುಕೊಂಡು ತಿರುಗಿದ್ದನ್ನು ಅವಳು ಒಂದು ‘ಓಕೆ’ಯಲ್ಲಿ ಇಳಿಸಿ, ಚಟ್ನಿ ಕೇಳಿದಳು.

ಸಂಜೆ ರಾಯರ ರಿಜಿಸ್ಟರನ್ನು ಹಿಂತಿರುಗಿಸಲು ಹೋದೆ. ಅವರು ನನ್ನ ಹೆಸರಿನ ಪುಟ ತೆರೆದರು. ವೃತ್ತಿ ಎಂಬಲ್ಲಿ ಶಾಯಿಯಲ್ಲಿ ‘ಹೋಟೆಲ್’ ಎಂದಿತ್ತು. ಅದರ ಪಕ್ಕ ಅವರು ನಿಧಾನವಾಗಿ, ಮುತ್ತಿನಂಥ ಅಕ್ಷರದಲ್ಲಿ ‘ವೆಬ್ ಡೆವಲಪರ್’ ಎಂದು ಬರೆದರು. ಪೆನ್ಸಿಲಿನಲ್ಲಿ.

“ರಾಯರೇ, ಎಲ್ಲರದ್ದೂ ಪೆನ್ನು, ನನ್ನದು ಮಾತ್ರ ಎಂತಕ್ಕೆ ಪೆನ್ಸಿಲ್?”

“ಆ ಒಂಬತ್ತನೇ ಪಾಠ ಮುಗಿಸು ಮಾರಾಯ. ನಿನ್ನ ಮಗಳು ಎಲ್ಲ ಹೇಳಿದ್ದಾಳೆ. ಮತ್ತೆ ಪೆನ್ನು ತೆಗೀತೇನೆ.”

ಮರುದಿನ ಲೋಕಲ್‌ನಲ್ಲಿ ಒಂಬತ್ತನೇ ಪಾಠ ನೋಡಿದೆ. ಅದು ಇದ್ದದ್ದು ನಾಲ್ಕು ನಿಮಿಷ! ಅದರ ಸಾರ ಇಷ್ಟೇ: ಎಲ್ಲರಿಗೂ ಕಳಿಸುವ ಮೊದಲು ಒಮ್ಮೆ ನಿಮಗೇ ಕಳಿಸಿಕೊಂಡು ಓದಿ. ಸ್ಟೇಷನ್ ಬರುವ ಮೊದಲೇ ಮುಗಿಯಿತು. ಎದೆಯುಬ್ಬಿಸಿ ರಾಯರಿಗೆ ಫೋನು ಮಾಡಬೇಕು ಎನ್ನುವಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಅಭಿನಂದನೆಗಳು, ಪಾಠಗಳು ಮುಗಿದವು. ಇನ್ನು ಪರೀಕ್ಷೆ ಮಾತ್ರ ಬಾಕಿ.

ಪರೀಕ್ಷೆಗೆ ಸರಿಯಾಗಿ ಒಂದು ವಾರವಿದೆ. ಮನೆಯಲ್ಲಿ ಈ ಸುದ್ದಿ ಹೇಳಿದೆ. ಸುಜಾತ ನನ್ನ ಸೂಟ್‌ಕೇಸನ್ನು ಅಟ್ಟದ ಮೇಲೆ ಹಾಕಿ, ಏಣಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದಳು!